ಯಾರ ಕಿವಿಗೆ ಯಾವ ಮಾತು: ಉಕ್ರೇನಿನ ಯುದ್ಧಕಾಲದ ಸಂವಹನ, ದಾವಣಗೆರೆಯಿಂದ ಕಂಡಂತೆ

ಅರ್ಧ ನಿಮಿಷದ ಒಂದು ವಿಡಿಯೊವನ್ನು ಧ್ವನಿ ಅಡಗಿಸಿ ತೋರಿಸುವುದರಿಂದ ಈ ಪಾಠ ಶುರುವಾಗುತ್ತದೆ. ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವುದು ನನ್ನ ಉದ್ಯೋಗ. ಊಟದ ನಂತರದ ಮೊದಲ ತರಗತಿ. ಕಿಟಕಿಗೆ ಪರದೆಯಿಲ್ಲದ ಕಾರಣ ಪ್ರೊಜೆಕ್ಟರಿನ ಚಿತ್ರ ಗೋಡೆಯ ಮೇಲೆ ನೀರುಮಜ್ಜಿಗೆಯಷ್ಟು ತೆಳ್ಳಗೆ ಬೀಳುತ್ತದೆ. ರಾತ್ರಿ ಹೊತ್ತು, ಒಂದು ಬೀದಿ, ಒತ್ತಿಕೊಂಡು ನಿಂತ ಐದು ಗಂಡಸರು. ಮುಂದಿನವನೇ ಮೊಬೈಲನ್ನು ಕೈಚಾಚಿ ಹಿಡಿದು ಮಾತನಾಡುತ್ತಿದ್ದಾನೆ. ಮುಂದೆ ಮೇಜಿಲ್ಲ, ಮೈಕಿಲ್ಲ, ಕೊರಳಲ್ಲಿ ಟೈ ಇಲ್ಲ. ಇವರು ಯಾರಿರಬಹುದು ಎಂದು ಕೇಳುತ್ತೇನೆ. "ಮದುವೆ ಊಟ ಮುಗಿಸಿ ಕೊನೆಯ ಬಸ್ ತಪ್ಪಿಸಿಕೊಂಡವರು ಸಾರ್" ಎಂದು ಒಬ್ಬ ಹುಡುಗ ಒಮ್ಮೆ ಹೇಳಿದ. ತರಗತಿ ನಕ್ಕಿತು, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹಾಗೆ ಕಾಣುವುದರಲ್ಲೇ ಆ ವಿಡಿಯೊದ ಬಲ ಇದ್ದದ್ದು.

ಆಮೇಲೆ ಧ್ವನಿ ಹಾಕುತ್ತೇನೆ. ಅದು 2022ರ ಫೆಬ್ರುವರಿ 25ರ ಸಂಜೆ, ಕೀವ್ ನಗರದ ಬಾಂಕೋವಾ ಬೀದಿ. ರಷ್ಯಾದ ಸೇನೆ ಗಡಿ ದಾಟಿ ಒಂದು ದಿನ ಕಳೆದಿದೆ. ಅಧ್ಯಕ್ಷ ಝೆಲೆನ್‌ಸ್ಕಿ ಓಡಿಹೋದ ಎಂಬ ಗಾಳಿಸುದ್ದಿ ಹಬ್ಬಿದೆ. ಅವನು ಭಾಷಣ ಮಾಡುವುದಿಲ್ಲ, ಹಾಜರಿ ಕರೆಯುತ್ತಾನೆ. ಪಕ್ಷದ ನಾಯಕ ಇಲ್ಲಿದ್ದಾನೆ, ಅಧ್ಯಕ್ಷರ ಕಚೇರಿಯ ಮುಖ್ಯಸ್ಥ ಇಲ್ಲಿದ್ದಾನೆ, ಪ್ರಧಾನಿ ಇಲ್ಲಿದ್ದಾನೆ, ಸಲಹೆಗಾರ ಪೊಡೊಲ್ಯಾಕ್ ಇಲ್ಲಿದ್ದಾನೆ, ಅಧ್ಯಕ್ಷ ಇಲ್ಲಿದ್ದಾನೆ. ನಾವೆಲ್ಲರೂ ಇಲ್ಲಿದ್ದೇವೆ. ಮರುದಿನ ಬೆಳಿಗ್ಗೆ ಇನ್ನೊಂದು ವಿಡಿಯೊ: ಸೈನಿಕರಿಗೆ ಶಸ್ತ್ರ ಕೆಳಗಿಡಲು ನಾನು ಹೇಳಿದ್ದೇನೆ ಎಂಬುದು ಸುಳ್ಳು, ನಾನು ಇಲ್ಲೇ ಇದ್ದೇನೆ. ಹಿನ್ನೆಲೆಯಲ್ಲಿ ಕೀವ್‌ನವರೆಲ್ಲ ಗುರುತು ಹಿಡಿಯುವ, ಮೈತುಂಬ ವಿಚಿತ್ರ ಪ್ರಾಣಿಗಳ ಶಿಲ್ಪವಿರುವ ಹಳೆಯ ಮನೆ. ಜಯದೇವ ವೃತ್ತದಲ್ಲಿ ನಿಂತು ಮಾತನಾಡಿದರೆ ದಾವಣಗೆರೆಯವರಿಗೆ ಬೇರೆ ಪುರಾವೆ ಬೇಕೇ? ಹಾಗೆಯೇ.

ಒಂದು ದೇಶದ ಯುದ್ಧಕಾಲದ ಸಂವಹನವನ್ನು ಇಡಿಯಾಗಿ ನೋಡಬೇಕೆಂದರೆ ಉಕ್ರೇನಿನಷ್ಟು ಬಿಚ್ಚಿಕೊಂಡ ಪ್ರಕರಣ ನನಗೆ ಬೇರೆ ಕಾಣುವುದಿಲ್ಲ. ಅದರ ಹೊಗಳಿಕೆ ಬೇಕಾದಷ್ಟು ಬಂದಿದೆ. ನನಗೆ ಕುತೂಹಲ ಇರುವುದು ಅದು ಬದಲಾದ ಬಗೆಯಲ್ಲಿ. ಸರ್ಕಾರದ ಬಾಯಿ ಒಂದೇ ಇತ್ತು, ಆದರೆ ಯಾವ ಹೊತ್ತಿಗೆ ಯಾರ ಕಿವಿ ಬೇಕಾಗಿತ್ತೋ ಅದರಂತೆ ಮಾತು ಬದಲಾಯಿತು. ಆ ಹೊತ್ತಿಗೆ ಬೇಡವಾಗಿದ್ದ ಕಿವಿಗಳಿಗೂ ಆ ಮಾತು ಬೀಳುತ್ತಲೇ ಇತ್ತು. ಅಂಥ ಕಿವಿಗಳಲ್ಲಿ ನಮ್ಮವೂ ಇದ್ದವು.

ನಮ್ಮವು ಹೇಗೆಂದರೆ, ಹರಿಹರದ ಸೇತುವೆ ದಾಟಿದರೆ ಹೆದ್ದಾರಿ ರಾಣೆಬೆನ್ನೂರು ತಾಲ್ಲೂಕಿಗೆ ಹೋಗುತ್ತದೆ. ಆ ತಾಲ್ಲೂಕಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ, ಆಹಾರ ತರಲು ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ. ಮೂರು ವಾರ ಕಳೆದು, ಮಾರ್ಚ್ 21ರಂದು ಪಾರ್ಥಿವ ಶರೀರ ಊರಿಗೆ ಬಂತು. ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಆ ದಿನ ಊರಿನ ಅಂಗಡಿ ಅಂಗಡಿಯಲ್ಲಿ ಉಕ್ರೇನಿನ ಮಾತು. ಅದಕ್ಕೂ ಮುಂಚಿನ ಒಂದು ತಿಂಗಳು ಈ ಭಾಗದ ಎಷ್ಟೋ ಮನೆಗಳಲ್ಲಿ ತಂದೆತಾಯಿಯರು ಕೀವ್‌ನ ಮಾತನ್ನು, ಮಾಸ್ಕೊದ ಮಾತನ್ನು, ದೆಹಲಿಯ ಮಾತನ್ನು ಒಟ್ಟಿಗೆ ಕೇಳುತ್ತ ಕುಳಿತಿದ್ದರು.

ಯುದ್ಧಕ್ಕೆ ಮುಂಚಿನ ಶಸ್ತ್ರಾಭ್ಯಾಸ

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಹಂಗಿಸುತ್ತೇವೆ. ಉಕ್ರೇನ್ ಆ ಹಂಗಣೆಗೆ ಪೂರ್ತಿ ಒಳಗಾಗುವುದಿಲ್ಲ. 2014ರಲ್ಲಿ ಕ್ರಿಮಿಯಾ ಕೈತಪ್ಪಿದಾಗ ಅದರ ಸರ್ಕಾರಕ್ಕೆ ಮಾತೇ ಹೊರಟಿರಲಿಲ್ಲ. ಮೊದಲು ಎದ್ದು ನಿಂತದ್ದು ಸರ್ಕಾರವಲ್ಲ, ಕೀವ್‌ನ ಮೊಹಿಲಾ ಪತ್ರಿಕೋದ್ಯಮ ಶಾಲೆಯ ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳು. ಆ ವರ್ಷದ ಮಾರ್ಚ್‌ನಲ್ಲಿ ಅವರು ‘ಸ್ಟಾಪ್‌ಫೇಕ್’ ಎಂಬ ಸುಳ್ಳುಸುದ್ದಿ ಪರಿಶೀಲನೆಯ ತಾಣ ಕಟ್ಟಿದರು. ಇದನ್ನು ಹೇಳುವಾಗ ನನ್ನ ವಿದ್ಯಾರ್ಥಿಗಳ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ, ನನ್ನದೂ. ಸರ್ಕಾರ ಆ ಡಿಸೆಂಬರ್‌ನಲ್ಲಿ ಮಾಹಿತಿ ನೀತಿ ಸಚಿವಾಲಯ ತೆರೆಯಿತು. ಪತ್ರಕರ್ತರು ಅದನ್ನು ಸತ್ಯ ಸಚಿವಾಲಯ ಎಂದು ಲೇವಡಿ ಮಾಡಿದರು. ಐದು ವರ್ಷಕ್ಕೆ ಅದು ಮುಚ್ಚಿತು. 2021ರಲ್ಲಿ ಎರಡು ಹೊಸ ಕೇಂದ್ರಗಳು ಬಂದವು. ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿ ಕಾರ್ಯತಂತ್ರ ಸಂವಹನ ಕೇಂದ್ರ, ಭದ್ರತಾ ಮಂಡಳಿಯ ಅಡಿಯಲ್ಲಿ ಅಪಪ್ರಚಾರ ತಡೆ ಕೇಂದ್ರ. ಅದೇ ವರ್ಷದ ಫೆಬ್ರುವರಿಯಲ್ಲಿ ರಷ್ಯಾ ಪರವೆಂದು ಹೆಸರಾಗಿದ್ದ ಮೂರು ಟಿ.ವಿ. ವಾಹಿನಿಗಳು ಬಂದಾದವು. ಒಟ್ಟಿನಲ್ಲಿ ಯುದ್ಧ ಬಂದಾಗ ಮನೆಯಲ್ಲಿ ಒನಕೆಯಾದರೂ ಇತ್ತು.

ಆದರೆ ಯುದ್ಧದ ಹಿಂದಿನ ತಿಂಗಳು ಅದು ಆಡಿದ ಮಾತು ಬೇರೆ. ಅಮೆರಿಕ ಮತ್ತು ಬ್ರಿಟನ್ ತಮ್ಮ ಗುಪ್ತಚರ ಮಾಹಿತಿಯನ್ನು ತಾವೇ ಬಯಲು ಮಾಡಿ, ರಷ್ಯಾ ನುಗ್ಗಲಿದೆ ಎಂದು ಡಂಗುರ ಹೊಡೆಯುತ್ತಿದ್ದವು. ಝೆಲೆನ್‌ಸ್ಕಿ ಮಾತ್ರ ಜನವರಿ 19ರ ಭಾಷಣದಲ್ಲಿ ಗಾಬರಿ ಬೇಡ ಎಂದ. ಮೇ ತಿಂಗಳಲ್ಲಿ ಎಂದಿನಂತೆ ಬಿಸಿಲು, ರಜೆ, ಕೆಂಡದ ಮೇಲೆ ಮಾಂಸ ಸುಡುವ ಹಬ್ಬ ಇರುತ್ತದೆ ಎಂದ. ಜನವರಿ 28ರಂದು ವಿದೇಶಿ ಪತ್ರಕರ್ತರನ್ನು ಕೂರಿಸಿಕೊಂಡು, ನೀವು ಎಬ್ಬಿಸುವ ಗಾಬರಿಯಿಂದ ನಮ್ಮ ಅರ್ಥವ್ಯವಸ್ಥೆ ಕೆಡುತ್ತದೆ ಎಂದು ರೇಗಿದ. ಆಗಸ್ಟ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಗೆ ಕಾರಣ ಕೊಟ್ಟ: ಮೊದಲೇ ಹೇಳಿದ್ದರೆ ತಿಂಗಳಿಗೆ 700 ಕೋಟಿ ಡಾಲರ್ ಕಳೆದುಕೊಳ್ಳುತ್ತಿದ್ದೆವು. ಅವನ ದೇಶದಲ್ಲೇ ಆ ಮಾತಿಗೆ ಬಹಳ ಜನ ಸಿಟ್ಟಾದರು. ಮಕ್ಕಳನ್ನು ಬೇರೆ ಊರಿಗೆ ಕಳುಹಿಸುತ್ತಿದ್ದೆವಲ್ಲ ಎಂದರು.

ಜನವರಿಯ ಆ ಮಾತು ಬ್ಯಾಂಕಿನ ಮುಂದೆ ಸಾಲು ನಿಲ್ಲಬಾರದೆಂದು ಆಡಿದ್ದು. ಅದು ಕರ್ನಾಟಕದ ತಾಯಿಯೊಬ್ಬಳ ಕಿವಿಗೂ ಬಿತ್ತು. ಅವಳಿಗೆ ಅದರ ಅರ್ಥ ‘ಸದ್ಯ ಮಗ ಅಲ್ಲೇ ಇರಲಿ’. ನಮ್ಮ ರಾಯಭಾರ ಕಚೇರಿ ಫೆಬ್ರುವರಿ 15ರಂದು ಹೊರಡಿಸಿದ ಸೂಚನೆಯೂ ಮೆತ್ತಗಿತ್ತು: ಇರಲೇಬೇಕಾದ ಅಗತ್ಯವಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವ ಬಗ್ಗೆ ಯೋಚಿಸಬಹುದು. ‘ಯೋಚಿಸಬಹುದು’ ಎಂಬ ಕ್ರಿಯಾಪದ ಸರ್ಕಾರಿ ಭಾಷೆಯಲ್ಲಿ ಏನನ್ನು ಮುಚ್ಚಿಡುತ್ತದೆ ಎಂಬುದರ ಮೇಲೆ ನಾನು ಇಡೀ ಒಂದು ಗಂಟೆ ಪಾಠ ಮಾಡಬಲ್ಲೆ. ಅತ್ತ ಉಕ್ರೇನಿನಲ್ಲಿ ತರಗತಿಗಳು ಆನ್‌ಲೈನ್ ಆಗಿರಲಿಲ್ಲ, ಹಾಜರಾತಿಯ ಭಯ, ವಿಮಾನದ ಟಿಕೆಟ್ ದುಬಾರಿ.

ಹೋಲಿಕೆಗೆ ಮಾರ್ಚ್ 2ರ ಸೂಚನೆಯನ್ನು ಪಕ್ಕದಲ್ಲಿ ಇಟ್ಟು ತೋರಿಸುತ್ತೇನೆ. ಖಾರ್ಕಿವ್‌ನಲ್ಲಿರುವ ಭಾರತೀಯರೆಲ್ಲ ತಕ್ಷಣ ಹೊರಡಬೇಕು. ಪಿಸೋಚಿನ್, ಬಾಬಾಯ್, ಬೆಜ್ಲ್ಯುಡೊವ್ಕಾ, ಈ ಮೂರರಲ್ಲಿ ಒಂದು ಊರನ್ನು ಸ್ಥಳೀಯ ಸಮಯ ಸಂಜೆ 6ರೊಳಗೆ ಸೇರಬೇಕು. ವಾಹನ ಸಿಗದಿದ್ದರೆ ನಡೆದು ಹೋಗಿ. ಮೂರು ಊರಿನ ಹೆಸರು, ಒಂದು ಗಂಟೆ, ಒಂದು ಕ್ರಿಯಾಪದ. ಆ ವಾರ ಯಾವ ಸರ್ಕಾರ ಆಡಿದ ಮಾತಿಗಿಂತಲೂ ಇದು ಚೆನ್ನಾಗಿತ್ತು ಎಂಬುದು ನನ್ನ ತೀರ್ಮಾನ. ಅದು ಒಂದು ದಿನ ತಡವಾಗಿತ್ತು ಎಂಬುದೂ ನಿಜ. ಉಕ್ರೇನ್ ಪಡೆಗಳು ಭಾರತೀಯ ವಿದ್ಯಾರ್ಥಿಗಳನ್ನು ಒತ್ತೆಯಾಳು ಮಾಡಿಕೊಂಡಿವೆ ಎಂದು ಅದೇ ದಿನ ರಷ್ಯಾ ಹೇಳಿತು. ಮರುದಿನ ದೆಹಲಿಯ ವಿದೇಶಾಂಗ ಇಲಾಖೆ, ಅಂಥ ಯಾವ ವರದಿಯೂ ನಮಗೆ ಬಂದಿಲ್ಲ ಎಂದಿತು. ಬೇಸ್‌ಮೆಂಟಿನಿಂದ ಮಕ್ಕಳು ಮನೆಗೆ ಕರೆ ಮಾಡುತ್ತಿದ್ದ ದಿನಗಳವು. ಯಾವ ಸರ್ಕಾರ ಏನು ಹೇಳಿದರೂ ತಾಯಂದಿರು ನಂಬಿದ್ದು ಮಗನ ದನಿಯನ್ನು. ‘ಆಪರೇಷನ್ ಗಂಗಾ’ ಮುಗಿಯುವ ಹೊತ್ತಿಗೆ ಸುಮಾರು 22,500 ಭಾರತೀಯರು ಮರಳಿದ್ದರು.

ಕೀವ್‌ನ ಭೂತ, ದುರ್ಗದ ಓಬವ್ವ

ಯುದ್ಧದ ಮೊದಲ ದಿನವೇ ಎರಡು ಕಥೆಗಳು ಹುಟ್ಟಿದವು. ಕಪ್ಪು ಸಮುದ್ರದ ಹಾವಿನ ದ್ವೀಪದಲ್ಲಿ ರಷ್ಯಾದ ಯುದ್ಧನೌಕೆ ಶರಣಾಗಲು ಹೇಳಿದಾಗ ಉಕ್ರೇನಿನ ಕಾವಲುಗಾರ ಒಂದು ಬೈಗುಳ ಬೈದ. 13 ಕಾವಲುಗಾರರೂ ಸತ್ತರು ಎಂದು ಸರ್ಕಾರ ಹೇಳಿತು, ಮರಣೋತ್ತರ ಗೌರವವನ್ನೂ ಘೋಷಿಸಿತು. ನಾಲ್ಕು ದಿನ ಕಳೆದು, ಅವರು ಬದುಕಿದ್ದಾರೆ, ಸೆರೆಯಲ್ಲಿದ್ದಾರೆ ಎಂದು ನೌಕಾಪಡೆ ತಿದ್ದಿತು. ಕಥೆ ಸಾಯಲಿಲ್ಲ. ಏಪ್ರಿಲ್ 12ರಂದು ಆ ಬೈಗುಳದ ಅಂಚೆಚೀಟಿ ಹೊರಬಂತು. ಎರಡು ದಿನದಲ್ಲಿ, ಏಪ್ರಿಲ್ 14ರಂದು, ಆ ನೌಕೆ ‘ಮೋಸ್ಕ್ವಾ’ ಮುಳುಗಿತು. ಪಂಚಾಂಗ ನೋಡಿ ಮಾಡಿದರೂ ಇಷ್ಟು ಕೂಡಿಬರುವುದಿಲ್ಲ.

ಇನ್ನೊಂದು ಕಥೆ ‘ಕೀವ್‌ನ ಭೂತ’. ಒಬ್ಬನೇ ಪೈಲಟ್ ಮೊದಲ ದಿನವೇ ಆರು ರಷ್ಯನ್ ವಿಮಾನ ಉರುಳಿಸಿದ ಎಂಬ ಸುದ್ದಿ. ಹರಿದಾಡಿದ ಒಂದು ದೃಶ್ಯ ಕಂಪ್ಯೂಟರ್ ಆಟದ್ದು ಎಂದು ಬೇಗನೆ ಗೊತ್ತಾಯಿತು. ಆದರೂ ಸರ್ಕಾರಿ ಖಾತೆಗಳು ಅವನನ್ನು ಮೆರೆಸಿದವು. ಏಪ್ರಿಲ್ 30ರಂದು ವಾಯುಪಡೆಯೇ ಬಾಯಿಬಿಟ್ಟಿತು: ಅವನು ಉಕ್ರೇನಿಗರು ಕಟ್ಟಿದ ದಂತಕಥೆಯ ನಾಯಕ. ಜೊತೆಗೆ, ಮಾಹಿತಿಯ ನೈರ್ಮಲ್ಯವನ್ನು ಮರೆಯಬೇಡಿ ಎಂದು ಜನರಿಗೆ ಬುದ್ಧಿವಾದ. ಹಾಲು ಕುಡಿದ ಬೆಕ್ಕೇ ಮಡಕೆ ಮುಚ್ಚಿಡಿ ಎಂದು ಹೇಳಿದ ಹಾಗೆ.

ಇಲ್ಲಿಗೆ ಬಂದಾಗ ಚಿತ್ರದುರ್ಗದಿಂದ ಬರುವ ಹುಡುಗಿಯರು ಕೈ ಎತ್ತುತ್ತಾರೆ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವಾಗ, ಗಂಡ ಊಟಕ್ಕೆ ಕುಳಿತಿದ್ದಾಗ, ಒನಕೆ ಹಿಡಿದು ನಿಂತ ಓಬವ್ವನ ಊರಿನವರು ಅವರು. ಓಬವ್ವನ ಲೆಕ್ಕವನ್ನು ಪ್ರಶ್ನಿಸುವವನಿಗೆ ದುರ್ಗದಲ್ಲಿ ಯಾರೂ ಒಂದು ಲೋಟ ಚಹಾ ಕೊಡುವುದಿಲ್ಲ, ನಾನಂತೂ ಪ್ರಶ್ನಿಸುವುದಿಲ್ಲ. ಆದರೆ ಎರಡು ಕಥೆಗಳ ನಡಿಗೆ ಬೇರೆ. 1779ರಲ್ಲಿ ಕೋಟೆ ಕೈಬಿಟ್ಟಿತು, ಪಾಳೆಯಗಾರಿಕೆ ಮುಗಿಯಿತು. ಆಮೇಲೆ ಓಬವ್ವನನ್ನು ಕಾಪಾಡಿಕೊಂಡು ಬಂದದ್ದು ಜನರ ಬಾಯಿ. ರಾಜ್ಯ ಸರ್ಕಾರ ಅವಳ ಜಯಂತಿ ಆಚರಿಸಲು ಶುರು ಮಾಡಿದ್ದು 2021ರಲ್ಲಿ. ಕೀವ್‌ನ ಭೂತನಿಗೆ ಎರಡು ದಿನದಲ್ಲಿ ಸರ್ಕಾರದ ಮೊಹರು ಬಿತ್ತು, ಎರಡು ತಿಂಗಳಲ್ಲಿ ಮೊಹರು ಅಳಿಸಿತು. ಮೊದಲ ವಾರದಲ್ಲಿ ಜನರು ಅಂಥ ಕಥೆಯನ್ನು ಮನ್ನಿಸುತ್ತಾರೆ. ಕಣ್ಣೆದುರು ರಷ್ಯಾದ ಸೇನೆ ಕೀವ್ ಹೊರಗೆ ನಿಂತೇಬಿಟ್ಟಿತ್ತಲ್ಲ, ಕಥೆಗೆ ಕಿಟಕಿಯ ಹೊರಗಿನ ಸತ್ಯದ ಬೆಂಬಲ ಇತ್ತು.

ಮಾರ್ಚ್ 16ರ ಪ್ರಕರಣ ಇದಕ್ಕೆ ತದ್ವಿರುದ್ಧ. ಟಿ.ವಿ. ವಾಹಿನಿಯೊಂದನ್ನು ಭೇದಿಸಿ, ಝೆಲೆನ್‌ಸ್ಕಿ ಶರಣಾಗತಿ ಘೋಷಿಸುವ ನಕಲಿ ವಿಡಿಯೊ ಹರಿಯಬಿಟ್ಟರು. ತಲೆಗೂ ಮೈಗೂ ತಾಳೆಯಾಗದ ಕಳಪೆ ಕೆಲಸ. ಆದರೆ ಅದು ಸೋತದ್ದು ಕಳಪೆಯಾಗಿದ್ದಕ್ಕೆ ಮಾತ್ರವಲ್ಲ. ಇಂಥದ್ದು ಬರಲಿದೆ ಎಂದು ಎರಡು ವಾರ ಮುಂಚೆಯೇ ಸರ್ಕಾರ ಎಚ್ಚರಿಸಿತ್ತು. ಬಂದ ಕೂಡಲೇ ನಿಜವಾದ ಝೆಲೆನ್‌ಸ್ಕಿ ಮೊಬೈಲ್ ಮುಂದೆ ಹಾಜರಾದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ದೂರದ ಕಿವಿಗಳು

ಕೀವ್ ಕೂಡಲೇ ಬೀಳುವುದಿಲ್ಲ ಎಂದು ಕಂಡ ಮೇಲೆ ಬೇಕಾದದ್ದು ಮದ್ದುಗುಂಡು. ಅದು ಇದ್ದದ್ದು ಪಶ್ಚಿಮದ ರಾಜಧಾನಿಗಳಲ್ಲಿ. ಹಾಗಾಗಿ ಮಾತು ಹೊರಮುಖವಾಯಿತು. ಮಾರ್ಚ್ 8ಕ್ಕೆ ಬ್ರಿಟಿಷ್ ಸಂಸತ್ತಿಗೆ ಚರ್ಚಿಲ್ ಮತ್ತು ಷೇಕ್ಸ್‌ಪಿಯರ್. 16ಕ್ಕೆ ಅಮೆರಿಕದ ಕಾಂಗ್ರೆಸ್ಸಿಗೆ ಪರ್ಲ್ ಹಾರ್ಬರ್. 17ಕ್ಕೆ ಜರ್ಮನರಿಗೆ ಬರ್ಲಿನ್ ಗೋಡೆ. ಒಬ್ಬೊಬ್ಬರಿಗೂ ಅವರವರ ಗಾಯವನ್ನೇ ಮುಟ್ಟಿ ಮಾತನಾಡುವ ಜಾಣತನ. 20ಕ್ಕೆ ಇಸ್ರೇಲಿನ ಸಂಸತ್ತಿಗೆ ಯಹೂದಿ ನರಮೇಧದ ಹೋಲಿಕೆ ಕೊಟ್ಟಾಗ ಮಾತ್ರ ಹಲವರು ಮುಖ ಸಿಂಡರಿಸಿದರು. ಎಲ್ಲರ ಮನೆಯಲ್ಲೂ ಒಂದೇ ಹದದ ಸಾರು ನಡೆಯುವುದಿಲ್ಲ. ಏಪ್ರಿಲ್ ಮೊದಲ ವಾರ, ರಷ್ಯಾದ ಪಡೆಗಳು ಬಿಟ್ಟುಹೋದ ಬುಚಾ ಪಟ್ಟಣದ ಬೀದಿ ಹೆಣಗಳ ಚಿತ್ರ ಬಂದ ಮೇಲೆ ಹೋಲಿಕೆಗಳ ಅಗತ್ಯವೇ ಉಳಿಯಲಿಲ್ಲ. ಪತ್ರಕರ್ತರನ್ನು ಅಲ್ಲಿಗೆ ಕರೆದೊಯ್ದು, ನೋಡಿಕೊಳ್ಳಿ ಎಂದು ಬಿಟ್ಟದ್ದೇ ಸಂವಹನವಾಯಿತು.

ಭಾರತ ವಿಶ್ವಸಂಸ್ಥೆಯ ಮತದಾನದಲ್ಲಿ ತಟಸ್ಥವಾಗಿ ಉಳಿದಿತ್ತು. ನಮ್ಮ ಗಾಯ ಯಾವುದು ಎಂದು ಕೀವ್‌ನಲ್ಲಿ ಯಾರೂ ವಿಚಾರಿಸಿದಂತೆ ಕಾಣಲಿಲ್ಲ. 2023ರ ಏಪ್ರಿಲ್‌ನಲ್ಲಿ ಅವರ ವಿದೇಶಾಂಗ ಉಪಸಚಿವೆ ದೆಹಲಿಗೆ ಬಂದು, ಭಾರತದ ಬೆಂಬಲ ಬೇಕು ಎಂದು ಹೇಳಿ ಹೋದರು. ಅದೇ ತಿಂಗಳ 30ರಂದು ಅವರ ರಕ್ಷಣಾ ಸಚಿವಾಲಯದ ಟ್ವಿಟರ್ ಖಾತೆ ಒಂದು ಚಿತ್ರ ಹಾಕಿತು: ಸ್ಫೋಟದ ಹೊಗೆಯ ಮೇಲೆ ನಾಲಿಗೆ ಚಾಚಿದ ಕಾಳಿಯ ಮುಖ, ಮರ್ಲಿನ್ ಮನ್ರೊ ಭಂಗಿ. ಕಲಾಕೃತಿ ಎಂದು ತಲೆಬರಹ. ಇಲ್ಲಿ ಗಲಾಟೆಯೆದ್ದ ಮೇಲೆ ಚಿತ್ರ ಅಳಿಸಿದರು, ಅದೇ ಉಪಸಚಿವೆ ವಿಷಾದ ಹೇಳಿದರು.

ದಾವಣಗೆರೆ ದುಗ್ಗಮ್ಮನ ಊರು. ಎರಡು ವರ್ಷಕ್ಕೊಮ್ಮೆ ನಗರದೇವತೆಯ ಜಾತ್ರೆ ಬಂದರೆ ಪರೀಕ್ಷೆಯ ದಿನಾಂಕವನ್ನೂ ಮುಂದೂಡಿ ಎಂದು ಕೇಳುವ ಮಕ್ಕಳು ನನ್ನ ಮುಂದೆ ಕುಳಿತಿರುತ್ತಾರೆ. ಅರ್ಧ ಗಂಟೆಯ ಹಿಂದೆ ಬುಚಾದ ಚಿತ್ರ ನೋಡಿ ಮೌನವಾಗಿದ್ದವರು, ಈ ಚಿತ್ರ ನೋಡಿ ಇನ್ನೊಂದು ರೀತಿಯ ಮೌನಕ್ಕೆ ಹೋಗುತ್ತಾರೆ. ಮೊದಲ ಮೌನ ಉಕ್ರೇನಿನ ಪರವಾಗಿತ್ತು. ಆ ಚಿತ್ರ ಹಾಕಿದ ಯುವಕ ಯಾರೋ, ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಓದುಗ ಇಂಟರ್ನೆಟ್ಟಿನ ತಮಾಷೆಯಲ್ಲಿ ಮಿಂದ ಪಶ್ಚಿಮದವನು. ಅಂಥ ತಮಾಷೆಯೇ ಅವರಿಗೆ ಹಿಂದಿನ ಬೇಸಿಗೆಯಲ್ಲಿ ಕೀರ್ತಿ ತಂದಿತ್ತು. 2022ರ ಆಗಸ್ಟ್ 9ರಂದು ಕ್ರಿಮಿಯಾದ ಸಾಕಿ ವಾಯುನೆಲೆ ಸ್ಫೋಟಿಸಿದಾಗ ಅದೇ ಸಚಿವಾಲಯ, ಬೆಂಕಿಯ ಕಾರಣ ನಮಗೆ ಗೊತ್ತಿಲ್ಲ, ಸಿಕ್ಕಸಿಕ್ಕಲ್ಲಿ ಸಿಗರೇಟು ಸೇದಬಾರದು ಎಂದು ಗಂಭೀರ ಮುಖದಲ್ಲಿ ಹೇಳಿತ್ತು. ಅದು ತಮ್ಮ ಕ್ಷಿಪಣಿಯೇ ಎಂದು ಸೇನಾ ಮುಖ್ಯಸ್ಥ ಝಾಲುಝ್ನಿ ಬರೆದದ್ದು ಸೆಪ್ಟೆಂಬರ್‌ನಲ್ಲಿ.

ಶತ್ರುವಿನ ಕಿವಿಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರೂ ಮೆಚ್ಚುವ ಭಾಗ. ಆ ಬೇಸಿಗೆಯಿಡೀ ದಕ್ಷಿಣದ ಖೆರ್ಸಾನ್ ಮೇಲೆ ಏರಿಹೋಗುತ್ತೇವೆ ಎಂದು ಎಲ್ಲರೂ ಗಟ್ಟಿಯಾಗಿ ಮಾತನಾಡಿದರು. ರಷ್ಯಾ ಪಡೆಗಳನ್ನು ಅತ್ತ ಸಾಗಿಸಿತು. ಸೆಪ್ಟೆಂಬರ್ 6ರಂದು ಏಟು ಬಿದ್ದದ್ದು ಈಶಾನ್ಯದ ಖಾರ್ಕಿವ್ ಪ್ರಾಂತ್ಯದಲ್ಲಿ. ಖೆರ್ಸಾನ್ ಕೂಡ ನವೆಂಬರ್ 11ಕ್ಕೆ ಕೈಗೆ ಬಂತು, ಆ ಮಾತು ಹುಸಿಯಾಗಿರಲಿಲ್ಲ. ಅರ್ಧ ನಿಜ ಹೇಳಿ ಮೋಸ ಮಾಡುವುದು ಪೂರ್ತಿ ಸುಳ್ಳಿಗಿಂತ ಕಷ್ಟದ ಕಸುಬು.

ಗೆದ್ದ ಮಾತಿನ ಬಾಕಿ

ಗೆದ್ದವನ ನಾಲಿಗೆ ಸಡಿಲವಾಗುತ್ತದೆ. ಖೆರ್ಸಾನ್ ಸಿಕ್ಕ ನಾಲ್ಕನೇ ದಿನ ಪೋಲೆಂಡಿನ ಹಳ್ಳಿಯೊಂದರಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಅದು ರಷ್ಯಾದ್ದೇ, ನಮ್ಮದಲ್ಲ ಎಂದು ಝೆಲೆನ್‌ಸ್ಕಿ ಪಟ್ಟು ಹಿಡಿದ. ಅದು ಉಕ್ರೇನಿನ ವಾಯುರಕ್ಷಣೆಯ ಕ್ಷಿಪಣಿಯೇ ಇರಬಹುದು ಎಂದು ಪೋಲೆಂಡ್ ಮತ್ತು ನೇಟೊ ಹೇಳಿದ ಮೇಲೂ ಆ ಮಾತಿಗೆ ಅಂಟಿಕೊಂಡ. ಎರಡು ತಿಂಗಳಿಗೆ ಇನ್ನೊಂದು. ಅಧ್ಯಕ್ಷರ ಕಚೇರಿಯ ಸಲಹೆಗಾರ ಅರೆಸ್ಟೊವಿಚ್ ಯುದ್ಧದ ಆರಂಭದಿಂದ ದಿನಾ ರಾತ್ರಿ ಯೂಟ್ಯೂಬಿನಲ್ಲಿ ಕುಳಿತು, ಎಲ್ಲ ಸರಿಹೋಗುತ್ತದೆ ಎಂದು ಲಾಲಿ ಹಾಡುತ್ತಿದ್ದವನು. 2023ರ ಜನವರಿ 14ರಂದು ದ್ನಿಪ್ರೊ ನಗರದ ವಸತಿ ಕಟ್ಟಡದ ಮೇಲೆ ಕ್ಷಿಪಣಿ ಬಿದ್ದು 46 ಜನ ಸತ್ತರು. ನಮ್ಮವರು ಅದನ್ನು ಹೊಡೆದುರುಳಿಸಿದ್ದರಿಂದ ಅಲ್ಲಿ ಬಿತ್ತು ಎಂದು ಅವನು ಆ ರಾತ್ರಿ ಹೇಳಿಬಿಟ್ಟ. ರಷ್ಯಾ ಆ ಮಾತನ್ನು ಎತ್ತಿಕೊಂಡು ಕುಣಿಯಿತು. ಮೂರನೇ ದಿನ ಕ್ಷಮೆ, ರಾಜೀನಾಮೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

2023ರ ಬೇಸಿಗೆಯ ಪ್ರತಿದಾಳಿ ನನ್ನ ಪ್ರಕಾರ ಇಡೀ ಪ್ರಕರಣದ ತಿರುವು. ಶಸ್ತ್ರ ಕೊಡುವವರಿಗೆ ಗೆಲ್ಲುತ್ತೇವೆ ಎಂದು ಹೇಳಲೇಬೇಕಿತ್ತು. ಹೇಳಿ ಹೇಳಿ ಜನರ ಆಸೆ ಆಕಾಶಕ್ಕೇರಿತು. ನಿರೀಕ್ಷೆ ಅತಿಯಾಗಿದೆ ಎಂದು ರಕ್ಷಣಾ ಸಚಿವ ರೆಜ್ನಿಕೋವ್ ತಾನೇ ವಸಂತದಲ್ಲಿ ಗೊಣಗಿದ್ದ. ಜೂನ್ 4ರಂದು ಸಚಿವಾಲಯ ಒಂದು ವಿಡಿಯೊ ಬಿಟ್ಟಿತು: ಸೈನಿಕರು ಒಬ್ಬೊಬ್ಬರಾಗಿ ತುಟಿಯ ಮೇಲೆ ಬೆರಳಿಡುತ್ತಾರೆ. ಯೋಜನೆಗೆ ಮೌನ ಇಷ್ಟ. ಮಾತು ಬೆಳ್ಳಿ, ಮೌನ ಬಂಗಾರ ಎಂಬುದು ನಮಗೂ ಗೊತ್ತು. ಆದರೆ ಮೌನವನ್ನೂ ಜಾಹೀರಾತು ಮಾಡಿದರೆ ಅದು ಯಾವ ಲೋಹ? ನೆಲಬಾಂಬುಗಳ ಹೊಲದಲ್ಲಿ ಸಿಕ್ಕಿಬಿದ್ದ, ಪಶ್ಚಿಮದವರು ಕೊಟ್ಟಿದ್ದ ಲೆಪರ್ಡ್ ಟ್ಯಾಂಕುಗಳ ಚಿತ್ರವನ್ನು ರಷ್ಯಾ ಹಂಚಿತು. ಆಗಸ್ಟ್ ಕೊನೆಗೆ ಉಕ್ರೇನಿಗೆ ಸಿಕ್ಕ ದೊಡ್ಡ ಹೆಸರು ರೊಬೊಟಿನೆ, ಒಂದು ಹಳ್ಳಿ.

ನವೆಂಬರ್ 1ರಂದು ಝಾಲುಝ್ನಿ ಬ್ರಿಟನ್ನಿನ ‘ಎಕನಾಮಿಸ್ಟ್’ ಪತ್ರಿಕೆಯಲ್ಲಿ, ಯುದ್ಧ ಎಲ್ಲಿಯದಲ್ಲೇ ನಿಂತಿದೆ ಎಂದು ಬರೆದ. ಮೂರು ದಿನಕ್ಕೆ ಝೆಲೆನ್‌ಸ್ಕಿ, ಹಾಗೇನೂ ಇಲ್ಲ ಎಂದ. ಕಂದಕದಲ್ಲಿದ್ದ ಸೈನಿಕನ ಹೆಂಡತಿಗೆ ಯಾರ ಮಾತು ನಿಜ ಎಂದು ಕೇಳಿ ತಿಳಿಯಬೇಕಿರಲಿಲ್ಲ. ಡಿಸೆಂಬರ್ 19ರಂದು ಝೆಲೆನ್‌ಸ್ಕಿ, ಇನ್ನೂ 4,50,000ದಿಂದ 5,00,000 ಜನರನ್ನು ಸೇರಿಸಿಕೊಳ್ಳಬೇಕೆಂದು ಸೇನೆ ಕೇಳಿದೆ ಎಂದ. ಒಂದು ವಾರಕ್ಕೆ ಝಾಲುಝ್ನಿ, ಅಂಥ ಸಂಖ್ಯೆ ನಾವು ಕೇಳಿಲ್ಲ ಎಂದ. ಹೆಮ್ಮೆಯ ಮಾತಿಗೆ ನೂರು ಬಾಯಿ. ಮನೆಮನೆಯ ಹುಡುಗನನ್ನು ಕರೆಯುವ ಮಾತಿಗೆ ಒಂದೂ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿದರು. 2024ರ ಫೆಬ್ರುವರಿ 8ರಂದು ಝಾಲುಝ್ನಿ ಹುದ್ದೆಯಿಂದ ಇಳಿದ.

ಈ ಹೊತ್ತಿಗೆ ಟಿ.ವಿ.ಯ ಕಥೆ ಹೇಳಬೇಕು. ಯುದ್ಧದ ಮೊದಲ ದಿನಗಳಿಂದ ದೊಡ್ಡ ವಾಹಿನಿಗಳೆಲ್ಲ ಸರದಿಯ ಮೇಲೆ ಒಂದೇ ಕಾರ್ಯಕ್ರಮ ಪ್ರಸಾರ ಮಾಡುತ್ತಿದ್ದವು. ಹೆಸರು ‘ಒಗ್ಗೂಡಿದ ಸುದ್ದಿ’. ಮಾರ್ಚ್ 2022ರಲ್ಲಿ ಅದಕ್ಕೆ ಅಧ್ಯಕ್ಷರ ಆದೇಶದ ಮುದ್ರೆಯೂ ಬಿತ್ತು. ವಿರೋಧ ಪಕ್ಷದ ಒಲವಿನ ಕೆಲವು ವಾಹಿನಿಗಳು ಹೊರಗುಳಿದವು, ಏಪ್ರಿಲ್‌ನಲ್ಲಿ ಅವುಗಳ ಡಿಜಿಟಲ್ ಪ್ರಸಾರವೂ ನಿಂತಿತು. ಸೈರನ್ ಕೂಗುವ ಊರಿನಲ್ಲಿ, ಎಲ್ಲಿ ನೀರು ಸಿಗುತ್ತದೆ, ಯಾವ ರೈಲು ಹೊರಡುತ್ತದೆ ಎಂದು ಹೇಳುವ ಒಂದೇ ದನಿ ಆಗ ಜೀವ ಉಳಿಸುವ ಸಂಗತಿ. ಕೀವ್ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆಯ ಸಮೀಕ್ಷೆಯಲ್ಲಿ 2022ರ ಮೇ ತಿಂಗಳಲ್ಲಿ ಅದನ್ನು ನಂಬುತ್ತೇವೆ ಎಂದವರು ಶೇ 69. 2024ರ ಫೆಬ್ರುವರಿಗೆ ಶೇ 36. ಕಾರ್ಯಕ್ರಮ ಬದಲಾಗಿರಲಿಲ್ಲ, ಅದೇ ತೊಂದರೆ. ಜನರ ಸಂಜೆಗಳು ಬದಲಾಗಿದ್ದವು. ಅಂತ್ಯಕ್ರಿಯೆಗೆ ಹೋಗಿ ಬಂದು ಟಿ.ವಿ. ಹಾಕಿದರೆ ಅಲ್ಲಿ ಇನ್ನೂ ಗೆಲುವಿನ ಮುಖ. ಮೇ 2024ರಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಸುಸ್ಪಿಲ್ನೆ ಅದರಿಂದ ಹೊರಬಂತು. ಜನ ಅಷ್ಟರಲ್ಲಿ ಟೆಲಿಗ್ರಾಂಗೆ ಹೋಗಿಯಾಗಿತ್ತು. ಶತ್ರುವಿನ ಚಲನವಲನ ತಿಳಿಸಲು ಜನರಿಗೆ ಟೆಲಿಗ್ರಾಂ ಬಾಟ್ ಕೊಟ್ಟಿದ್ದ ಅದೇ ಸರ್ಕಾರ, ಆ ಸೆಪ್ಟೆಂಬರ್‌ನಲ್ಲಿ ಅಧಿಕಾರಿಗಳ ಫೋನುಗಳಲ್ಲಿ ಟೆಲಿಗ್ರಾಂ ನಿಷೇಧಿಸಿತು.

ನಮ್ಮಲ್ಲಿ ಇದರ ಸಣ್ಣ ರುಚಿ ಸಿಕ್ಕಿದ್ದು 2025ರ ಮೇ ಎರಡನೇ ವಾರ, ಪಾಕಿಸ್ತಾನದೊಡನೆ ಸಂಘರ್ಷ ನಡೆದಾಗ. ಅಧಿಕೃತ ವಿವರಣೆ ಕೊಡುವವರು ಅಳೆದು ತೂಗಿ ಮಾತನಾಡುತ್ತಿದ್ದಾಗ, ಕೆಲವು ವಾಹಿನಿಗಳು ರಾತ್ರೋರಾತ್ರಿ ಕರಾಚಿ ಬಂದರನ್ನೇ ಧ್ವಂಸ ಮಾಡಿದವು. ಬೆಳಗ್ಗೆ ಬೆಣ್ಣೆದೋಸೆ ಹೋಟೆಲಿನಲ್ಲಿ ಅದನ್ನು ನಂಬಿದವರೂ ಇದ್ದರು, ಸಂಜೆಗೆ ನಕ್ಕವರೂ ಅವರೇ. ನಾಲ್ಕೇ ದಿನದ ಸಂಘರ್ಷವಾದ್ದರಿಂದ ನಕ್ಕು ಮುಗಿಯಿತು. ಸಾವಿರ ದಿನ ದಾಟಿದ್ದರೆ?

ಸಂಖ್ಯೆಗಳು

2022ರಲ್ಲಿ ಆಗಾಗ ಬಾಯಿಬಿಟ್ಟ ಬಿಡಿ ಅಂಕಿಗಳನ್ನು ಬಿಟ್ಟರೆ, ಎರಡು ವರ್ಷ ಉಕ್ರೇನ್ ತನ್ನ ಸತ್ತ ಸೈನಿಕರ ಸಂಖ್ಯೆಯನ್ನು ಮುಚ್ಚಿಟ್ಟಿತ್ತು. 2024ರ ಫೆಬ್ರುವರಿ 25ರಂದು ಝೆಲೆನ್‌ಸ್ಕಿ 31,000 ಎಂದ. ಆ ಡಿಸೆಂಬರ್‌ನಲ್ಲಿ 43,000 ಎಂದ. ಸ್ಮಶಾನದ ಬಾವುಟಗಳನ್ನು ಎಣಿಸುವವರು ಅದನ್ನು ನಂಬಿದರೋ ಬಿಟ್ಟರೋ, ಹೇಳಬೇಕಾಯಿತು ಎಂಬುದು ಮುಖ್ಯ. ಅಷ್ಟರಲ್ಲಿ ಮತ್ತೆ ಒಳಗಿನ ಕಿವಿಯೇ ಬೇಕಾಗಿತ್ತು. 2024ರ ಏಪ್ರಿಲ್ 2ರಂದು ಕಡ್ಡಾಯ ಸೇರ್ಪಡೆಯ ವಯಸ್ಸು 27ರಿಂದ 25ಕ್ಕೆ ಇಳಿಯಿತು. ಅದೇ ತಿಂಗಳು ಬಂದ ಇನ್ನೊಂದು ಕಾಯ್ದೆಯಲ್ಲಿ, 36 ತಿಂಗಳು ದುಡಿದವನಿಗೆ ಮನೆಗೆ ಹೋಗುವ ಭರವಸೆ ಇರಬೇಕೆಂದಿದ್ದ ಅಂಶವನ್ನು ಕೊನೆ ಗಳಿಗೆಯಲ್ಲಿ ಕೈಬಿಟ್ಟರು. ಬೀದಿಯಲ್ಲಿ ಗಂಡಸರನ್ನು ಹಿಡಿದು ಮಿನಿಬಸ್ಸಿಗೆ ತುಂಬುವ ದೃಶ್ಯಗಳು ಹರಿದಾಡಿ, ‘ಬುಸಿಫಿಕಾತ್ಸಿಯಾ’ ಎಂಬ ಪದವೇ ಹುಟ್ಟಿ, ಅಲ್ಲಿನ ಒಂದು ನಿಘಂಟು ಅದನ್ನು 2024ರ ವರ್ಷದ ಪದ ಎಂದು ಆರಿಸಿತು. ನಮ್ಮ ಹಳ್ಳಿಗಳಲ್ಲಿ 1976ರ ಸಂತಾನಹರಣದ ಜೀಪು ಕಂಡು ಗಂಡಸರು ಹೊಲಕ್ಕೆ ಓಡುತ್ತಿದ್ದುದನ್ನು ಅಜ್ಜಂದಿರು ಹೇಳುತ್ತಾರೆ. ಆ ಜೀಪಿಗೆ ಯಾವ ಪೋಸ್ಟರೂ ಸಮಾಧಾನ ಹೇಳಲಾರದು.

ಸಮಾಧಾನ ಹೇಳಲು ಪ್ರಯತ್ನಿಸಿದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಸೇನೆಯ ದಳಗಳು. ಮೂರನೇ ಆಕ್ರಮಣ ದಳ ತನ್ನದೇ ಜಾಹೀರಾತು ಫಲಕ ನಿಲ್ಲಿಸಿತು. ಫೆಬ್ರುವರಿ 2024ರಿಂದ ನಗರಗಳಲ್ಲಿ ನೇಮಕಾತಿ ಕೇಂದ್ರ ತೆರೆದವು: ನಿನ್ನ ದಳವನ್ನು, ಕೆಲಸವನ್ನು ನೀನೇ ಆರಿಸಿಕೊ, ಅಡುಗೆಯೋ ಡ್ರೋನೋ. ದೇಶಕ್ಕಾಗಿ ಬಾ ಎಂಬ ಮಾತು, ಒಳ್ಳೆಯ ನಾಯಕನ ಕೈಕೆಳಗೆ ಬಾ ಎಂದಾಯಿತು. ಆ ಆಗಸ್ಟ್ 6ರಂದು ಪಡೆಗಳು ರಷ್ಯಾದ ಕೂರ್ಸ್ಕ್‌ಗೆ ನುಗ್ಗಿದಾಗ ಕೀವ್ ದಿನಗಟ್ಟಲೆ ತುಟಿ ಬಿಚ್ಚಲಿಲ್ಲ. ಈ ಸಲ ಬೆರಳಿನ ವಿಡಿಯೊ ಇರಲಿಲ್ಲ.

ಪಾಠದ ಕೊನೆಗೆ ಮೊದಲ ವಿಡಿಯೊವನ್ನು ಇನ್ನೊಮ್ಮೆ ಹಾಕುತ್ತೇನೆ. ಈ ವರ್ಷ ಒಬ್ಬ ಹುಡುಗಿ, ಈ ಐವರು ಈಗ ಎಲ್ಲಿದ್ದಾರೆ ಸಾರ್ ಎಂದು ಕೇಳಿದಳು. ಶ್ಮಿಹಾಲ್ 2025ರ ಜುಲೈನಲ್ಲಿ ಪ್ರಧಾನಿ ಹುದ್ದೆಯಿಂದ ರಕ್ಷಣಾ ಸಚಿವಾಲಯಕ್ಕೆ ಹೋದ. ಅಧ್ಯಕ್ಷರ ಕಚೇರಿಯ ಮುಖ್ಯಸ್ಥ ಯೆರ್ಮಾಕ್‌ನ ಮನೆಯಲ್ಲಿ ಭ್ರಷ್ಟಾಚಾರ ತನಿಖೆಯವರು ನವೆಂಬರ್ 28ರಂದು ಶೋಧ ನಡೆಸಿದರು, ಅದೇ ದಿನ ಅವನು ರಾಜೀನಾಮೆ ಕೊಟ್ಟ. ಅದಕ್ಕೆ ಒಂದು ವಾರ ಮುಂಚೆ, 21ರಂದು, ಅಮೆರಿಕದ ಶಾಂತಿ ಯೋಜನೆಯ ಒತ್ತಡ ಮೇಲೆ ಬಿದ್ದಾಗ, ಝೆಲೆನ್‌ಸ್ಕಿ ಮತ್ತೆ ಕಚೇರಿಯ ಹೊರಗೆ ಬೀದಿಗೆ ಬಂದು ನಿಂತು ತನ್ನ ಜನರೊಡನೆ ಮಾತನಾಡಿದ: ಒಂದೋ ಘನತೆ ಕಳೆದುಕೊಳ್ಳಬೇಕು, ಇಲ್ಲವೇ ಮುಖ್ಯ ಜೊತೆಗಾರನನ್ನು ಕಳೆದುಕೊಳ್ಳುವ ಅಪಾಯ ಎದುರಿಸಬೇಕು. ಆ ವಿಡಿಯೊವನ್ನೂ ಧ್ವನಿ ಅಡಗಿಸಿ ತೋರಿಸಿದೆ. ಮುಂದಿನ ಬೆಂಚಿನವರು ಸ್ವಲ್ಪ ಹೊತ್ತು ನೋಡಿದರು. ಬಸ್ ತಪ್ಪಿಸಿಕೊಂಡವರು ಎಂದು ಈ ಸಲ ಯಾರೂ ಹೇಳಲಿಲ್ಲ.

"ಒಬ್ಬರೇ ಇದ್ದಾರೆ ಸಾರ್" ಎಂದಳು ಅದೇ ಹುಡುಗಿ. "ಮತ್ತೆ ಕ್ಯಾಮೆರಾ ಹಿಡಿದಿರುವವರು ಬೇರೆ ಯಾರೋ."